ರಿಪೋರ್ಟ್‌ನಲ್ಲಿ ಎಸ್ ಅಂತಿದೆ, ಆದ್ರೂ ಜ್ವರ ಇಳೀತಿಲ್ಲ

ಮೈಕ್ರೋಬಯಾಲಜಿ ಲ್ಯಾಬಲ್ಲಿ ಕೆಲಸ ಮಾಡೋರಿಗೆಲ್ಲ ಈ ಫೋನ್ ಬಂದೇ ಬರುತ್ತೆ, "ಏನ್ ಮೇಡಂ, ಜೆಂಟಾಮೈಸಿನ್‌ಗೆ ಎಸ್ ಅಂತ ಕೊಟ್ಟಿದೀರಾ, ಪೇಷಂಟ್‌ಗೆ ಜ್ವರಾನೇ ಬಿಡ್ತಿಲ್ವಲ್ಲ" ಅಂತ. ಎಸ್ ಅಂದ್ರೆ ಸೆನ್ಸಿಟಿವ್, ಅಂದ್ರೆ ಆ ಬ್ಯಾಕ್ಟೀರಿಯಾ ಈ ಆಂಟಿಬಯೋಟಿಕ್‌ಗೆ ಬಗ್ಗುತ್ತೆ ಅಂತ. ರಿಪೋರ್ಟ್ ತಪ್ಪೇನಲ್ಲ. ಆದ್ರೆ ಆ ಎಸ್ ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ.

ಮುಲ್ಲರ್ ಹಿಂಟನ್ ಅಗಾರ್ ಪ್ಲೇಟ್, ಅದ್ರಲ್ಲಿ ದನದ ಮಾಂಸದ ಸಾರ, ಹಾಲಿನ ಕೇಸಿನ್, ಒಂಚೂರು ಸ್ಟಾರ್ಚ್, ಪಿಎಚ್ 7.3 ಆಸುಪಾಸು, 35 ಡಿಗ್ರಿ ಬಿಸಿ, ಗಾಳಿ ಬೇಕಾದಷ್ಟು. ಬ್ಯಾಕ್ಟೀರಿಯಾಗೆ ಮದುವೆ ಮನೆ ಊಟ ಇದು. ಅದ್ರ ಮೇಲೆ ಬ್ಯಾಕ್ಟೀರಿಯಾ ಹಚ್ಚಿ, ಔಷಧಿ ಹೀರಿದ ಕಾಗದದ ಡಿಸ್ಕ್ ಇಟ್ಟು, ಬೆಳಿಗ್ಗೆ ಬಂದು ಆ ಡಿಸ್ಕ್ ಸುತ್ತ ಏನೂ ಬೆಳೀದೆ ಇರೋ ಝೋನ್‌ಗೆ ಸ್ಕೇಲ್ ಇಟ್ಟು ಮಿಲಿಮೀಟರ್ ಲೆಕ್ಕದಲ್ಲಿ ಅಳೆದು ಎಸ್ ಅಂತ ಬರೀತೀವಿ, ಅಷ್ಟೇ.

ಕೀವು ಕಟ್ಟಿರೋ ಬಾವಿನೊಳಗೆ ಕಥೆನೇ ಬೇರೆ. ಆಕ್ಸಿಜನ್ ಇಲ್ಲ, ಪಿಎಚ್ ಹುಳಿ ಕಡೆಗೆ ಹೋಗಿರುತ್ತೆ. ಜೆಂಟಾಮೈಸಿನ್, ಅಮಿಕಾಸಿನ್ ಬ್ಯಾಕ್ಟೀರಿಯಾ ಒಳಗೆ ಹೋಗ್ಬೇಕು ಅಂದ್ರೆ ಅದು ಉಸಿರಾಡ್ತಾ ತನ್ನ ಪೊರೆಯ ಎರಡೂ ಕಡೆ ವೋಲ್ಟೇಜ್ ವ್ಯತ್ಯಾಸ ಇಟ್ಕೊಂಡಿರ್ಬೇಕು, ಅದಿಲ್ಲ ಅಂದ್ರೆ ಔಷಧಿ ಹೊರಗೇ ಉಳಿಯುತ್ತೆ. ಸರ್ಜನ್‌ಗಳು ಮೊದ್ಲು ಕೀವು ತೆಗೀರಿ ಅಂತ ಹಠ ಹಿಡಿಯೋದು ಸುಮ್ನೆ ಅಲ್ಲ.

ಡ್ಯಾಪ್ಟೊಮೈಸಿನ್ ಇನ್ನೂ ಮಜಾ. ರಕ್ತದಲ್ಲಿರೋ ಸ್ಟಾಫ್‌ಗೆ (ಸ್ಟಫೈಲೊಕಾಕಸ್ ಬ್ಯಾಕ್ಟೀರಿಯಾ) ಒಳ್ಳೇ ಔಷಧಿ, ನ್ಯುಮೋನಿಯಾಗೆ ಮಾತ್ರ ಕೊಡಲ್ಲ, ಯಾಕಂದ್ರೆ ಶ್ವಾಸಕೋಶದ ಒಳಗೆ ಸವರಿದ ಹಾಗಿರೋ ಸರ್ಫ್ಯಾಕ್ಟೆಂಟ್ ಅನ್ನೋ ಜಿಡ್ಡಿನ ಪದರವೇ ಅದನ್ನ ಹಿಡಿದು ನಿಷ್ಕ್ರಿಯ ಮಾಡಿಬಿಡುತ್ತೆ.

ಉಲ್ಟಾನೂ ಇದೆ. ಟಿಬಿಗೆ ಕೊಡೋ ಪೈರಜಿನಮೈಡ್ ಲ್ಯಾಬಲ್ಲಿ ಬ್ಯಾಕ್ಟೀರಿಯಾ ಬೆಳೆಸೋ ಮಾಮೂಲಿ ಮೀಡಿಯಾದಲ್ಲಿ ಹಾಕಿದ್ರೆ ಏನೂ ಕಿಸಿಯಲ್ಲ, ಪಿಎಚ್ 5.5 ಹತ್ರ ಇಳಿಸಿದ್ರೆ ಕೆಲ್ಸ ಶುರು. ಬರೀ ಮಾಮೂಲಿ ಟೆಸ್ಟ್ ನಂಬಿದ್ರೆ ಇದನ್ನ ಕಸಕ್ಕೆ ಹಾಕ್ಬೇಕಿತ್ತು, ಒಂಬತ್ತು ತಿಂಗಳ ಟ್ರೀಟ್‌ಮೆಂಟ್ ಆರಕ್ಕೆ ಇಳಿದಿದ್ದೇ ಇದನ್ನ ಸೇರಿಸಿದ್ರಿಂದ.

1944ರಲ್ಲಿ ಡಬ್ಲಿನ್‌ನ ಬ್ಯಾಕ್ಟೀರಿಯಾ ತಜ್ಞ ಜೋಸೆಫ್ ಬಿಗ್ಗರ್ ಸ್ಟಾಫ್‌ಗೆ ಪೆನಿಸಿಲಿನ್ ಹಾಕಿ ನೋಡಿದ್ರು, ಸುಮಾರು ಹತ್ತು ಲಕ್ಷಕ್ಕೊಂದು ಉಳೀತಿತ್ತು. ಅವನ್ನ ಮತ್ತೆ ಬೆಳೆಸಿದ್ರೆ ಮರಿಗಳು ಪೆನಿಸಿಲಿನ್‌ಗೆ ಮೊದಲಿನ ಹಾಗೇ ಸಾಯ್ತಿದ್ವು, ಅಂದ್ರೆ ರೆಸಿಸ್ಟೆನ್ಸ್ ಅಲ್ಲ. ಪೆನಿಸಿಲಿನ್ ಹೊಡೆಯೋದು ಗೋಡೆ ಕಟ್ಟೋ ಕೆಲ್ಸಕ್ಕೆ, ಗೋಡೆ ಕಟ್ದೇ ಸುಮ್ನೆ ಮಲಗಿರೋದಕ್ಕೆ ಅದ್ರಿಂದ ಏನಾಗುತ್ತೆ? ಇವಕ್ಕೆ ಪರ್ಸಿಸ್ಟರ್ ಅಂತ ಹೆಸರಿಟ್ಟಿದ್ದೂ ಅವ್ರೇ.

ಯೂರಿನ್ ಕ್ಯಾತಿಟರ್ ಒಳಗೋಡೆಯ ಲೋಳೆ ಪದರದಲ್ಲಿ ಇಂಥವು ಬೇಜಾನ್ ಇರುತ್ತೆ. ಹಾಗಾಗಿ ಫೋನಲ್ಲಿ ನಾನು ಮೊದ್ಲು ಕೇಳೋದು, ಕ್ಯಾತಿಟರ್ ಹಾಕಿ ಎಷ್ಟು ದಿನ ಆಯ್ತು, ಬದಲಾಯ್ಸಿದೀರಾ ಅಂತ.