ಕೇರಂ ಆಡಿಸುವುದೂ ಚಿಕಿತ್ಸೆಯೇ?

ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರ ಪುನರ್ವಸತಿಯಲ್ಲಿ ತೊಡಗಿರುವ ನನ್ನನ್ನು ಅವರ ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ಮಾತ್ರೆ ಕೊಡುತ್ತೀರಿ, ಸರಿ. ಕೇರಂ ಆಡಿಸುವುದು, ಗಿಡಕ್ಕೆ ನೀರು ಹಾಕಿಸುವುದು, ಜೊತೆಗೆ ಕೂತು ಹರಟುವುದು, ಇವೆಲ್ಲ ಚಿಕಿತ್ಸೆ ಹೇಗಾಗುತ್ತವೆ?”

ಸ್ಕಿಜೋಫ್ರೇನಿಯಾ ಎಂಬ ಗಂಭೀರ ಮಾನಸಿಕ ಕಾಯಿಲೆ ಇರುವವರಿಗೆ ಕೇಳಿಸುವ ಇಲ್ಲದ ದನಿಗಳನ್ನೂ ಬುಡವಿಲ್ಲದ ಅನುಮಾನಗಳನ್ನೂ ಔಷಧವು ಬಹುಮಟ್ಟಿಗೆ ತಗ್ಗಿಸುತ್ತದೆ. ಆದ್ದರಿಂದ ಅದನ್ನು ಬಿಡುವ ಮಾತೇ ಇಲ್ಲ. ಆದರೆ ಯಾವುದರಲ್ಲೂ ಆಸಕ್ತಿ ಹುಟ್ಟದಿರುವುದು, ಮಾತು ಕುಗ್ಗುವುದು, ದಿನವಿಡೀ ಗೋಡೆಗೆ ಮುಖಮಾಡಿ ಮಲಗುವುದು, ಇಂಥ ಲಕ್ಷಣಗಳಿಗೆ ಅದು ಅಷ್ಟಾಗಿ ನಾಟುವುದಿಲ್ಲ. ಮನೆಯವರು ಇದನ್ನು ಸೋಮಾರಿತನವೆಂದು ಬಗೆದು ಗದರುತ್ತಾರೆ, ಮತ್ತು ಆ ಗದರಿಕೆಯೇ ಎಷ್ಟೋ ಸಲ ಕಾಯಿಲೆ ಮರುಕಳಿಸಲು ದಾರಿಮಾಡುತ್ತದೆ.

ನಾಜಿ ಶಿಬಿರಗಳಿಂದ ಬದುಕಿ ಬಂದ ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕಲ್, ಬದುಕಿಗೆ ಅರ್ಥ ದೊರೆಯುವ ಮೂರು ದಾರಿಗಳನ್ನು ಗುರುತಿಸಿದರು: ಏನನ್ನಾದರೂ ಮಾಡುವುದು, ಏನನ್ನಾದರೂ ಸವಿಯುವುದು ಅಥವಾ ಯಾರನ್ನಾದರೂ ಪ್ರೀತಿಸುವುದು, ತಪ್ಪಿಸಲಾಗದ ಸಂಕಟದ ಎದುರು ತಾಳುವ ನಿಲುವು. ನಮ್ಮ ಮನೆಗಳಲ್ಲಿ ಮೊದಲನೆಯದಕ್ಕಷ್ಟೇ ಬೆಲೆ, ಅದೂ ಸಂಬಳ ತಂದರೆ ಮಾತ್ರ. ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಬೇಕರಿಯಂಥ ದುಡಿಮೆಯ ತರಬೇತಿಯೂ ಇದೆ, ಅದರ ಮಹತ್ವ ದೊಡ್ಡದು. ಆದರೆ ಬ್ರೆಡ್ಡು ಸೀದರೆ ಯಾರಿಗಾದರೂ ಲೆಕ್ಕ ಕೊಡಬೇಕು, ಕೇರಂನಲ್ಲಿ ಸೋತರೆ ಯಾರಿಗೂ ಕೊಡಬೇಕಿಲ್ಲ. ವರ್ಷಗಟ್ಟಲೆ ತನ್ನ ಪರವಾಗಿ ಬೇರೆಯವರೇ ತೀರ್ಮಾನಿಸುವುದನ್ನು ನೋಡುತ್ತ ಬಂದವನಿಗೆ, ಯಾವ ಕಾಯಿಗೆ ಗುರಿಯಿಡಬೇಕೆಂಬುದು ಕೂಡ ತನ್ನದೇ ಆಯ್ಕೆ.

ಆ ಆಯ್ಕೆಗೆ ಧೈರ್ಯ ಬರಬೇಕಾದರೆ ಎದುರಿಗೆ ಕೂತವನ ಮೇಲೆ ನಂಬಿಕೆ ಹುಟ್ಟಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿಯೇ, ಚಿಕಿತ್ಸಕನಲ್ಲಿ ಒಳಹೊರಗು ಒಂದಾಗಿರುವ ಪ್ರಾಮಾಣಿಕತೆ, ಶರತ್ತಿಲ್ಲದ ಆದರ, ಇನ್ನೊಬ್ಬರ ಒಳಗನ್ನು ಅವರ ಕಣ್ಣಿನಿಂದ ಕಾಣುವ ಶಕ್ತಿ ಇರಬೇಕೆಂದು ವಾದಿಸಿದರು. “ನಿಮಗೆ ಹೇಗನಿಸುತ್ತಿದೆ?” ಎಂದು ಮುಖಾಮುಖಿ ಕೇಳಿದಾಗ ಬಾಯಿ ಬಿಡದವರು ಆಟದ ನಡುವೆ, ಕಣ್ಣು ಬೋರ್ಡಿನ ಮೇಲಿರುವಾಗ, ತಾವಾಗಿಯೇ ಮಾತು ತೆಗೆಯುತ್ತಾರೆ. (ಹರಟೆಯಲ್ಲೂ ನಮಗೆ ಕೆಲಸವಿದೆ ಎನ್ನುವುದು ಅದಕ್ಕೇ.)

ಆದರೆ ಚಿಕಿತ್ಸಕರ ಸಂಬಂಧ ಒಂದು ದಿನ ಮುಗಿಯಲೇಬೇಕು, ಮುಗಿಯದಿದ್ದರೆ ಅದು ಹೊಸ ಅವಲಂಬನೆಯಾಗುತ್ತದೆ. ಆದಕಾರಣ ಚೇತರಿಸಿಕೊಳ್ಳುತ್ತಿರುವವರನ್ನು ಮನೆಗೆ ಕಳುಹಿಸುವ ಮುಂಚೆಯೇ, ಕಾಯಿಲೆಗೆ ಮೊದಲು ಅವರಿಗೆ ಏನು ಇಷ್ಟವಿತ್ತೆಂದು ಮನೆಯವರನ್ನು ವಿಚಾರಿಸುತ್ತೇನೆ: ಭಜನೆಯೋ, ಯಕ್ಷಗಾನವೋ, ಕ್ರಿಕೆಟ್ಟೋ. ಮನೆಯವರಿಗೆ ನನ್ನ ಮಾತು ಇಷ್ಟು: ಅದನ್ನು ವೇಳಾಪಟ್ಟಿ ಹಾಕಿ ಹೇರಬೇಡಿ, ಹೇರಿದ ಹವ್ಯಾಸ ಇನ್ನೊಂದು ಮಾತ್ರೆಯಷ್ಟೇ. ಮೇಲ್ವಿಚಾರಣೆಗೆ ನಿಲ್ಲದೆ ಜೊತೆಗೆ ಕೂರಿ. ದುಡಿಮೆಯ ಮಾತನ್ನು ಸ್ವಲ್ಪ ಕಾಲದ ನಂತರ ಎತ್ತಬಹುದು.