ಏರುವ ಮುನ್ನ ಇಳಿಯುವ ಲೆಕ್ಕ

ಬೆಟ್ಟದ ಸಣ್ಣ ಪಟ್ಟಣವೊಂದರ ಕೊನೆಯ ಮನೆಗಳನ್ನು ದಾಟುತ್ತಿದ್ದಂತೆಯೇ ಕಡಿದಾಗಿ ಮೇಲೇಳುವ ಕಲ್ಲುಹಾದಿಗಳೆಂದರೆ ನನಗೆ ವಿಶೇಷ ಪ್ರೀತಿ. ದಿನಗಟ್ಟಲೆಯ ಚಾರಣಕ್ಕೆ ಬೇಕಾಗುವ ಡೇರೆ, ಅಡುಗೆಯ ಸಾಮಾನು, ಭಾರದ ಹೊರೆ ಇಲ್ಲಿ ಬೇಡ. ನಸುಕಿನಲ್ಲಿ ಹೊರಟರೆ ಸಂಜೆಯೊಳಗೆ ಮರಳಬಹುದು. ಆದರೆ ಈ ಅನುಕೂಲದಿಂದಾಗಿಯೇ ಇಂಥ ಹಾದಿಗಳನ್ನು ಬಹಳ ಮಂದಿ ಹಗುರವಾಗಿ ಕಾಣುತ್ತಾರೆ ಎಂಬುದು ನನ್ನ ಬಹುದಿನದ ಕಳವಳ. ಪಟ್ಟಣದ ಚಾವಣಿಗಳು ಕಾಲಡಿಯಲ್ಲೇ ಕಾಣುತ್ತಿರುತ್ತವೆ, ರಸ್ತೆಯ ಸದ್ದು ಕೇಳುತ್ತಿರುತ್ತದೆ, ಮೊಬೈಲ್‌ಗೆ ಸಂಕೇತವೂ ಸಿಗುತ್ತಿರುತ್ತದೆ. ಹಾಗಾಗಿ ಏನಾದರೂ ಆದರೆ ಸಹಾಯ ಇಲ್ಲೇ ಇದೆ ಎಂಬ ಭರವಸೆ ಮನಸ್ಸಿನಲ್ಲಿ ತಾನಾಗಿ ಕೂತುಬಿಡುತ್ತದೆ. ಕಡಿದಾದ ಬಂಡೆಯೊಂದರ ನಡುವೆ ನಿಂತವರಿಗೆ ಊರು ಎಷ್ಟು ಹತ್ತಿರವಿದೆ ಎಂಬುದರಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಹತ್ತಿ ಬಂದ ಜಾಗದಲ್ಲಿ ಮತ್ತೆ ಇಳಿಯಬಲ್ಲೆನೇ ಎಂಬ ಪ್ರಶ್ನೆಗೆ ಹೌದೆಂಬ ಉತ್ತರ ಇರಬೇಕು, ಅಷ್ಟೇ. ಹಾದಿಯ ಆಯ್ಕೆ, ಸಮಯ, ಪಾದರಕ್ಷೆ, ಬಂಡೆಯ ಮೇಲಿನ ಪ್ರತಿ ಹೆಜ್ಜೆ, ಎಲ್ಲವನ್ನೂ ಇಳಿಯುವುದನ್ನು ಮುಂದಿಟ್ಟುಕೊಂಡೇ ನಿರ್ಧರಿಸಬೇಕೆಂದು ನಾನು ನಂಬಿದ್ದೇನೆ.

ಮೊದಲು ಸಮಯದ ವಿಚಾರ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಮುಂದಿಟ್ಟ ಲೆಕ್ಕವನ್ನು ಚಾರಣಿಗರು ಇಂದಿಗೂ ಬಳಸುತ್ತಾರೆ. ಸುಮಾರು ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಜೊತೆಗೆ ಏರುವ ಪ್ರತಿ 600 ಮೀಟರ್ ಎತ್ತರಕ್ಕೆ ಇನ್ನೊಂದು ಗಂಟೆ. ಮೂರು ಕಿಲೋಮೀಟರಿನಲ್ಲಿ 900 ಮೀಟರ್ ಮೇಲೇರುವ ಹಾದಿಗೆ ಈ ಪ್ರಕಾರ ಎರಡು ಗಂಟೆಗಿಂತ ತುಸು ಹೆಚ್ಚು ಸಾಕು. ಇದು ಗಟ್ಟಿಮುಟ್ಟಾದವರು ಒಳ್ಳೆಯ ಹವೆಯಲ್ಲಿ, ನಡುವೆ ವಿರಮಿಸದೆ ನಡೆಯುವಾಗಿನ ಲೆಕ್ಕ. ಕೈಯೂರಿ ಹತ್ತಬೇಕಾದ ಬಂಡೆಗಳು ಬಂದರೆ ಇದು ಕೂಡಲೇ ಸುಳ್ಳಾಗುತ್ತದೆ, ಇಳಿಯುವಾಗಲಂತೂ ಇನ್ನೂ ಹೆಚ್ಚು. ಮಣ್ಣಿನ ಹಾದಿಯಲ್ಲಿ ಏರಿದ್ದಕ್ಕಿಂತ ಬೇಗ ಇಳಿಯಬಹುದು. ಕಡಿದಾದ ಕಲ್ಲುಹಾದಿಯಲ್ಲಿ ಏರಲು ಹಿಡಿದಷ್ಟೇ ಹೊತ್ತು ಇಳಿಯಲೂ ಹಿಡಿಯುತ್ತದೆ, ಎಷ್ಟೋ ಬಾರಿ ಅದಕ್ಕಿಂತ ಹೆಚ್ಚು. ಆದ್ದರಿಂದ ಹೊರಡುವ ಮೊದಲೇ ತಿರುಗಿ ಹೊರಡುವ ಗಳಿಗೆಯನ್ನು ಗೊತ್ತುಮಾಡಿಕೊಂಡು, ಆ ಹೊತ್ತಿಗೆ ಶಿಖರ ಕೂಗಳತೆಯಲ್ಲಿದ್ದರೂ ಹಿಂದಿರುಗುವುದು ಒಳ್ಳೆಯದು. ಬೆಳಕು ಉಳಿದಿರುವಾಗ ಕಷ್ಟದ ಬಂಡೆಗಳನ್ನು ದಾಟಿ ಕೆಳಗೆ ಬಂದರೆ, ಉಳಿದ ಕಾಲುದಾರಿಯನ್ನು ದೀಪದ ಬೆಳಕಿನಲ್ಲಿಯೂ ಕ್ರಮಿಸಬಹುದು.

ದೇಹಕ್ಕೂ ಏರುವುದು ಒಂದು ಬಗೆಯ ದುಡಿಮೆ, ಇಳಿಯುವುದು ಇನ್ನೊಂದು ಬಗೆಯದು. ಏರುವಾಗ ಎದೆಬಡಿತ, ಉಸಿರು ತಡೆಯೊಡ್ಡುತ್ತವೆ. ಮಾತನಾಡಲು ಸಾಧ್ಯವಾಗುವಷ್ಟು ನಿಧಾನವಾಗಿ, ಅಂಗಾಲನ್ನು ಪೂರ್ತಿಯಾಗಿ ಊರಿ, ಸಣ್ಣ ಹೆಜ್ಜೆಗಳಲ್ಲಿ ನಡೆದರೆ ದಣಿವು ಹತೋಟಿಯಲ್ಲಿರುತ್ತದೆ. ಇಳಿಯುವಾಗ ಉಸಿರಿಗೆ ಅಷ್ಟು ಕಷ್ಟವಿಲ್ಲ, ಅದರಿಂದಲೇ ಸುಲಭವೆಂಬ ಭ್ರಮೆ ಹುಟ್ಟುತ್ತದೆ. ಆದರೆ ಪ್ರತಿ ಹೆಜ್ಜೆಯಲ್ಲೂ ತೊಡೆಯ ಮುಂಭಾಗದ ಸ್ನಾಯುಗಳು ದೇಹದ ಭಾರವನ್ನು ತಡೆಹಿಡಿಯುತ್ತ, ಬಿಗಿಯಾಗಿದ್ದುಕೊಂಡೇ ಉದ್ದವಾಗಬೇಕಾಗುತ್ತದೆ. ಸ್ನಾಯುವಿನ ಎಳೆಗಳಿಗೆ ಅತಿ ಹೆಚ್ಚು ಪೆಟ್ಟು ಬೀಳುವುದು ಇಂಥ ಕೆಲಸದಿಂದಲೇ, ಮತ್ತು ಆ ನೋವು ಅಂದೇ ಕಾಣದೆ ಒಂದರಿಂದ ಮೂರು ದಿನಗಳ ನಡುವೆ ತನ್ನ ಉಚ್ಚ ಸ್ಥಿತಿಗೆ ಬರುತ್ತದೆ. ದಣಿದ ತೊಡೆ ನಡುಗತೊಡಗಿದಾಗ ಮಂಡಿಯ ಮೇಲೆ ಹಿಡಿತ ತಪ್ಪುತ್ತದೆ, ಕಾಲಿಡಬೇಕೆಂದುಕೊಂಡ ಕಡೆಗೆ ಕಾಲು ಹೋಗುವುದಿಲ್ಲ. ಶಿಖರದಲ್ಲಿ ತಿಂಡಿ, ನೀರು ಎಲ್ಲವನ್ನೂ ಮುಗಿಸಿಬಿಡುವುದು ನನಗೆ ಸರಿಕಾಣುವುದಿಲ್ಲ. ಅಲ್ಲಿಗೆ ದುಡಿಮೆಯ ಅರ್ಧವಷ್ಟೇ ಮುಗಿದಿರುತ್ತದೆ. ಮೆಟ್ಟಿಲು ಹತ್ತಿ ಅಭ್ಯಾಸ ಮಾಡುವವರು ಲಿಫ್ಟಿನಲ್ಲಿ ಕೆಳಗೆ ಬರದೆ ನಿಧಾನವಾಗಿ ಮೆಟ್ಟಿಲಿಳಿದರೆ, ತೊಡೆಗಳಿಗೆ ಬೇಕಾದ ನಿಜವಾದ ತರಬೇತಿ ಸಿಗುತ್ತದೆ.

ಈ ಹಾದಿಗಳ ಜೀವಾಳವೆಂದರೆ ಬಂಡೆ. ಕಾಲಡಿಯ ಕಲ್ಲು ಯಾವುದು ಎಂಬುದನ್ನು ಗಮನಿಸದೆ ಹತ್ತುವವರನ್ನು ಕಂಡರೆ ನನಗೆ ವ್ಯಥೆಯಾಗುತ್ತದೆ, ಏಕೆಂದರೆ ಒಂದೊಂದು ಕಲ್ಲಿಗೂ ಅದರದೇ ಸ್ವಭಾವವಿದೆ. ಗ್ರಾನೈಟ್ ಬಂಡೆಯ ಮೈಯಲ್ಲಿ ಸ್ಫಟಿಕದ ಹರಳುಗಳು ಒರಟಾಗಿ ಎದ್ದಿರುವುದರಿಂದ, ಒಣಗಿರುವಾಗ ಅದು ರಬ್ಬರಿನ ಅಟ್ಟೆಯನ್ನು ಚೆನ್ನಾಗಿ ಹಿಡಿಯುತ್ತದೆ. ಹಿಡಿಯಲು ಒಂದು ಬಿರುಕೂ ಇಲ್ಲದ ಇಳಿಜಾರಿನಲ್ಲಿ ಬರೀ ಪಾದಗಳ ಘರ್ಷಣೆಯ ಬಲದಿಂದ ನಡೆದುಹೋಗಬಹುದು. ಆದರೆ ಗ್ರಾನೈಟ್ ಪದರು ಪದರಾಗಿ ಕಳಚುವ ಕಲ್ಲು. ಒಳಗಿನಿಂದ ಬಿಟ್ಟುಕೊಂಡ ಹಾಳೆಯಂಥ ಚಕ್ಕೆಯನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಅಂಥದಕ್ಕೆ ಜೋತುಬೀಳಬಾರದು. ಮಳೆ ನಿಂತ ಮೇಲೂ ಮರಳುಗಲ್ಲು ತೇವವನ್ನು ಒಳಗೆ ಹಿಡಿದಿಟ್ಟುಕೊಂಡು ಬಲ ಕಳೆದುಕೊಂಡಿರುತ್ತದೆ. ಮೇಲ್ಮೈ ಒಣಗಿದಂತೆ ಕಂಡರೂ ಹಿಡಿದ ಅಂಚು ಮುರಿದು ಕೈಗೆ ಬರಬಹುದು. ಸುಣ್ಣಕಲ್ಲಿನ ತೊಂದರೆ ಬೇರೆ. ಹೆಚ್ಚು ಜನ ಓಡಾಡುವ ಹಾದಿಗಳಲ್ಲಿ ಸಾವಿರಾರು ಪಾದಗಳ ಉಜ್ಜುವಿಕೆಯಿಂದ ಅದು ಕನ್ನಡಿಯಂತೆ ನುಣುಪಾಗಿರುತ್ತದೆ, ಹೀಗಾಗಿ ಅತಿ ಸುಲಭವೆಂದು ಹೆಸರಾದ ಮೆಟ್ಟಿಲುಗಳೇ ಅತಿ ಹೆಚ್ಚು ಜಾರುತ್ತವೆ. ಕಲ್ಲು ಯಾವುದೇ ಇರಲಿ, ಅದರ ಮೇಲೆ ಪಾಚಿ ಅಥವಾ ಕಲ್ಲುಹೂವು ಬೆಳೆದು ಒದ್ದೆಯಾಗಿದ್ದರೆ ಅಲ್ಲಿ ಅಟ್ಟೆ ನಿಲ್ಲುವುದಿಲ್ಲ. ನೀರು ಇಳಿದುಹೋದ ಕಪ್ಪು ಗೆರೆಗಳನ್ನು ಕಂಡಲ್ಲಿ, ಅವು ಒಣಗಿದ್ದರೂ, ಸುತ್ತುಬಳಸಿ ಹೋಗುವುದು ವಾಸಿ.

ಇಳಿಜಾರು ಕಡಿದಾಗುತ್ತಿದ್ದಂತೆ ಭಯದಿಂದ ಬಂಡೆಯ ಕಡೆಗೆ ಬಾಗುವುದು ಸಹಜ, ಆದರೆ ಕಾಲು ಜಾರಲು ಮುಖ್ಯ ಕಾರಣವೇ ಅದು. ಪಾದ ನಿಲ್ಲುವುದು ಅದರ ಮೇಲೆ ಬೀಳುವ ಭಾರದ ಒತ್ತಡದಿಂದ. ಎದೆಯನ್ನು ಬಂಡೆಗೆ ಒರಗಿಸಿದ ಕೂಡಲೇ ಭಾರ ಪಾದದಿಂದ ಸರಿದು, ಅಟ್ಟೆಯನ್ನು ಹೊರಕ್ಕೆ ತಳ್ಳುವ ಬಲ ಹೆಚ್ಚಾಗುತ್ತದೆ. ಸೊಂಟವನ್ನು ಪಾದದ ನೇರಕ್ಕೆ ಇಟ್ಟುಕೊಂಡು ನೆಟ್ಟಗೆ ನಿಂತರೆ ಅದೇ ಜಾಗ ಗಟ್ಟಿಯಾಗಿ ಹಿಡಿಯುತ್ತದೆ. ಇಳಿಯುವಾಗ ಹಿಮ್ಮಡಿಯನ್ನು ಮೊದಲು ಊರಿ ಹಿಂದಕ್ಕೆ ವಾಲುವುದರಿಂದಲೂ ಇದೇ ತೊಂದರೆ; ಮಂಡಿಯನ್ನು ತುಸು ಮಡಿಸಿ, ಮೂಗು ಕಾಲ್ಬೆರಳುಗಳ ಮೇಲೆ ಬರುವಷ್ಟು ಮುಂದಕ್ಕೆ ಬಾಗಿ, ಪಾದವನ್ನು ಪೂರ್ತಿ ಊರುವುದು ಸರಿಯಾದ ಕ್ರಮ. ಮೊದಮೊದಲು ಇದು ಮನಸ್ಸಿಗೆ ಒಗ್ಗುವುದಿಲ್ಲ. ಕೆಳಗೆ ಪ್ರಪಾತವಿಲ್ಲದ ತಗ್ಗು ಬಂಡೆಯೊಂದರ ಮೇಲೆ ಮತ್ತೆ ಮತ್ತೆ ಅಭ್ಯಾಸ ಮಾಡಿದರೆ ಪಾದಗಳು ತಾವಾಗಿಯೇ ಕಲಿಯುತ್ತವೆ.

ಕೈಗಳು ಬೇಕಾಗುವ ಕಡೆ ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಯಾವಾಗಲೂ ಬಂಡೆಯ ಮೇಲಿದ್ದು, ಒಂದು ಮಾತ್ರ ಚಲಿಸಬೇಕು ಎಂಬ ನಿಯಮ ಎಲ್ಲರಿಗೂ ತಿಳಿದದ್ದೇ. ಅಷ್ಟಾಗಿ ಹೇಳದೆ ಉಳಿಯುವ ಸಂಗತಿಯೆಂದರೆ, ಹತ್ತುವಾಗ ಹಿಡಿಕೆಗಳು ಕಣ್ಣಿನ ಎದುರಿಗೇ ಇರುತ್ತವೆ, ಇಳಿಯುವಾಗ ಕಾಲಿಡಬೇಕಾದ ಜಾಗ ದೇಹದ ಮರೆಯಲ್ಲಿರುತ್ತದೆ. ಆದ್ದರಿಂದಲೇ ಹತ್ತಲು ಸುಲಭವಾದ ಎರಡಾಳೆತ್ತರದ ಬಂಡೆಯೂ ಇಳಿಯುವಾಗ ಎದುರಿಸಲಾಗದಂತೆ ತೋರುತ್ತದೆ. ನಾನು ಇಂಥ ಬಂಡೆಯನ್ನು ಹತ್ತಿದ ಮೇಲೆ ಒಮ್ಮೆ ನಿಂತು ಕೆಳಗೆ ನೋಡಿ, ಯಾವ ಕಾಲು ಎಲ್ಲಿತ್ತು ಎಂಬುದನ್ನು ಮನಸ್ಸಿನಲ್ಲಿ ಗುರುತುಹಾಕಿಕೊಳ್ಳುತ್ತೇನೆ. ಅನುಮಾನ ಬಂದರೆ ಮುಂದೆ ಹೋಗುವ ಮೊದಲೇ ಒಂದೆರಡು ಹೆಜ್ಜೆ ಇಳಿದು ನೋಡುತ್ತೇನೆ. ಇಳಿಜಾರು ಸೌಮ್ಯವಾಗಿದ್ದರೆ ಕಣಿವೆಯ ಕಡೆ ಮುಖಮಾಡಿ, ಕಡಿದಾದಂತೆ ಪಕ್ಕಕ್ಕೆ ತಿರುಗಿ, ತೀರಾ ಕಡಿದಾದಲ್ಲಿ ಬಂಡೆಯ ಕಡೆ ಮುಖಮಾಡಿ ಏಣಿ ಇಳಿಯುವ ಕ್ರಮದಲ್ಲಿ ಇಳಿಯಬೇಕು. ಹೀಗೆ ಮುಖ ತಿರುಗಿಸಲು ಅನೇಕರು ಸಂಕೋಚಪಡುತ್ತಾರೆ. ಪಳಗಿದ ಆರೋಹಿಗಳು ಯಾವ ಸಂಕೋಚವೂ ಇಲ್ಲದೆ ಬೇಗನೆ ತಿರುಗಿ ನಿಲ್ಲುವುದನ್ನು ನಾನು ನೋಡಿದ್ದೇನೆ.

ಇಳಿಯುವ ಹೊತ್ತಿನ ಅಪಾಯವನ್ನು ಪರ್ವತಾರೋಹಣದ ಚರಿತ್ರೆಯೇ ಹೇಳುತ್ತದೆ. ಸ್ವಿಟ್ಜರ್ಲೆಂಡಿನ ಝೆರ್ಮಾಟ್ ಎಂಬ ಬೆಟ್ಟದ ಊರಿನ ಮೇಲೆ ನಿಂತಿರುವ 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರವನ್ನು 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ಅವರಿದ್ದ ಏಳು ಮಂದಿಯ ತಂಡ ಮೊತ್ತಮೊದಲ ಬಾರಿಗೆ ತಲುಪಿತು. ಏರಿಕೆ ಯಶಸ್ವಿಯಾಗಿ ಮುಗಿದಿತ್ತು. ಇಳಿಯುವಾಗ, ತಂಡದಲ್ಲಿ ಅನುಭವ ಕಡಿಮೆಯಿದ್ದ ಯುವಕ ಡಗ್ಲಸ್ ಹ್ಯಾಡೋ ಕಾಲುಜಾರಿ ಬಿದ್ದರು. ಒಂದೇ ಹಗ್ಗಕ್ಕೆ ಕಟ್ಟಿಕೊಂಡಿದ್ದ ಇನ್ನೂ ಮೂವರನ್ನು ಅದು ಸೆಳೆಯಿತು, ಹಗ್ಗ ತುಂಡಾಯಿತು, ನಾಲ್ವರೂ ಸತ್ತರು. ಬದುಕುಳಿದವರು ವಿಂಪರ್ ಮತ್ತು ಝೆರ್ಮಾಟಿನ ಇಬ್ಬರು ಮಾರ್ಗದರ್ಶಕರು ಮಾತ್ರ. ತುಂಡಾದ ಆ ಹಗ್ಗವನ್ನು ಝೆರ್ಮಾಟಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇಟ್ಟಿದ್ದಾರೆ. ಪಟ್ಟಣದ ಹಿಂದಿನ ಬೆಟ್ಟಕ್ಕೂ ಮ್ಯಾಟರ್‌ಹಾರ್ನ್‌ಗೂ ಎತ್ತರದಲ್ಲಿ ಹೋಲಿಕೆಯಿಲ್ಲ, ನಿಜ. ಆದರೆ ಗುರಿ ಮುಟ್ಟಿದ ಸಂಭ್ರಮ, ದಣಿದ ಕಾಲು, ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ತೊಡರುತ್ತಿರುವ ಒಬ್ಬರು, ಈ ಮೂರೂ ಎಲ್ಲ ಬೆಟ್ಟಗಳಲ್ಲೂ ಒಟ್ಟಿಗೆ ಸೇರುತ್ತವೆ. ಅಂಥವರು ಇಳಿಯುವ ವೇಗವೇ ಇಡೀ ತಂಡದ ವೇಗವಾಗಬೇಕು.

ಪಟ್ಟಣ ಕಾಣುತ್ತಿರುವುದರಿಂದ ಹುಟ್ಟುವ ಒಂದು ವಿಶೇಷ ಅಪಾಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ದಣಿದು ಇಳಿಯುವವರಿಗೆ ಅಂಕುಡೊಂಕಾದ ಕಾಲುದಾರಿ ಅನಗತ್ಯ ಸುತ್ತೆನಿಸುತ್ತದೆ, ಕಣ್ಣಿಗೆ ಬೀಳುವ ಚಾವಣಿಗಳ ಕಡೆಗೆ ನೇರವಾಗಿ ಇಳಿದುಬಿಡೋಣ ಎನಿಸುತ್ತದೆ. ಬೆಟ್ಟದ ಮೈ ಬಹಳ ಕಡೆ ಉಬ್ಬಿಕೊಂಡಿರುತ್ತದೆ, ಅಂದರೆ ಮೇಲೆ ಸೌಮ್ಯವಾಗಿದ್ದು ಕೆಳಗೆ ಹೋದಂತೆ ಕಡಿದಾಗುತ್ತದೆ. ಮೇಲೆ ನಿಂತವರಿಗೆ ಹತ್ತಿರದ ಹುಲ್ಲು ಕಾಣುತ್ತದೆ, ದೂರದ ಪಟ್ಟಣ ಕಾಣುತ್ತದೆ; ಇವೆರಡರ ನಡುವೆ ಅಡಗಿರುವ ಕಡಿಬಂಡೆ ಮಾತ್ರ ಕಾಣುವುದಿಲ್ಲ. ನೀರು ಹರಿದು ಮಾಡಿದ ಕೊರಕಲುಗಳೂ ಹೀಗೆಯೇ ಆಸೆ ಹುಟ್ಟಿಸುತ್ತವೆ. ನೀರಿಗೆ ಬೀಳುವುದರಿಂದ ನಷ್ಟವಿಲ್ಲವಾದ್ದರಿಂದ ಅದು ಜಲಪಾತದ ಅಂಚಿಗೂ ದಾರಿ ಮಾಡಿಕೊಂಡಿರುತ್ತದೆ. ಅದನ್ನು ಹಿಂಬಾಲಿಸಿದವರು ಜಾರುವ ಎರಡು ಮೆಟ್ಟಿಲು ಹಾರಿ ಇಳಿದು, ಮೂರನೆಯದರಲ್ಲಿ ಕೆಳಗೂ ಹೋಗಲಾಗದೆ, ಹಾರಿದ ಮೆಟ್ಟಿಲುಗಳನ್ನು ಹತ್ತಲೂ ಆಗದೆ ಸಿಕ್ಕಿಬೀಳುತ್ತಾರೆ. ದಾರಿ ತಪ್ಪಿದೆ ಎಂದು ತಿಳಿದ ಕ್ಷಣ ಕೊನೆಯದಾಗಿ ಖಚಿತವಾಗಿ ಗುರುತಿಸಿದ ಜಾಗಕ್ಕೆ ಹತ್ತಿ ಹೋಗುವುದು ಬೇಸರದ ಕೆಲಸ, ಆದರೂ ಮಾಡಲೇಬೇಕು. ಏರುವಾಗಲೇ ಆಗಾಗ ಹಿಂತಿರುಗಿ ನೋಡುವ ಅಭ್ಯಾಸವಿದ್ದರೆ ಇದರ ಅಗತ್ಯವೇ ಕಡಿಮೆಯಾಗುತ್ತದೆ, ಏಕೆಂದರೆ ಇಳಿಯುವಾಗ ಕಾಣುವ ನೋಟ ಆ ಹಿಂದಿನ ನೋಟವೇ. ದಾರಿ ತೋರಲು ಹಿಂದಿನವರು ಪೇರಿಸಿಟ್ಟ ಕಲ್ಲುಗುಪ್ಪೆಗಳನ್ನು ಕೆಡವುವುದೂ, ಮೋಜಿಗಾಗಿ ಎಲ್ಲೆಂದರಲ್ಲಿ ಹೊಸದನ್ನು ಕಟ್ಟುವುದೂ ಇನ್ನೊಬ್ಬರನ್ನು ಪ್ರಪಾತದ ಕಡೆಗೆ ಕಳಿಸಿದಂತೆಯೇ.

ಬಂಡೆಯ ಬುಡದಲ್ಲಿ ರಾಶಿಬಿದ್ದ ಸಡಿಲ ಕಲ್ಲಿನ ಇಳಿಜಾರುಗಳು ಸುಮಾರು 35 ಡಿಗ್ರಿಯ ಆಸುಪಾಸಿನಲ್ಲಿ ನಿಂತಿರುತ್ತವೆ. ಅದಕ್ಕಿಂತ ಕಡಿದಾದರೆ ಕಲ್ಲುಗಳು ತಾವಾಗಿ ಉರುಳುತ್ತವೆ. ಹೀಗೆ ಉರುಳುವ ಅಂಚಿನಲ್ಲಿರುವ ರಾಶಿಗೆ ಒಂದು ಪಾದದ ಒತ್ತಡ ಸಾಕು. ಇಲ್ಲಿ ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬಾರದು. ಒಬ್ಬೊಬ್ಬರಾಗಿ ದಾಟಬೇಕು, ಇಲ್ಲವೇ ಉರುಳಿದ ಕಲ್ಲು ವೇಗ ಪಡೆಯುವಷ್ಟು ಜಾಗವಿಲ್ಲದಂತೆ ಒತ್ತಾಗಿ ಸಾಗಬೇಕು. ಕಲ್ಲು ಜಾರಿದ ಕೂಡಲೇ, ಕೆಳಗೆ ಯಾರೂ ಇಲ್ಲವೆಂದು ತೋರಿದರೂ, ಗಟ್ಟಿಯಾಗಿ ಕೂಗಿ ಎಚ್ಚರಿಸಬೇಕು.

ಹವೆಯ ವಿಚಾರದಲ್ಲಿ ಎರಡೇ ಮಾತು. ಪ್ರತಿ ಸಾವಿರ ಮೀಟರ್ ಏರಿಕೆಗೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಉಷ್ಣತೆ ಕುಸಿಯುವುದರಿಂದ, ಪಟ್ಟಣದ ಹಿತವಾದ ಬಿಸಿಲನ್ನು ನಂಬಿ ಗಾಳಿ ತಡೆಯುವ ಉಡುಪನ್ನು ಬಿಟ್ಟುಹೋಗಬಾರದು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡುಗಳಿಗಿಂತ ಕಡಿಮೆ ಅಂತರವಿದ್ದರೆ ಸಿಡಿಲು ಸುಮಾರು ಹತ್ತು ಕಿಲೋಮೀಟರ್ ಒಳಗಿದೆಯೆಂದು ಅರ್ಥ, ಶಿಖರವನ್ನೂ ಏಣನ್ನೂ ಬಿಟ್ಟು ಇಳಿಯಲು ಅದು ತಕ್ಕ ಸೂಚನೆ. ಒಂಟಿ ಮರದ ಕೆಳಗಾಗಲಿ, ಆಳವಿಲ್ಲದ ಬಂಡೆಯ ಪೊಟರೆಯಲ್ಲಾಗಲಿ ಆಶ್ರಯ ಪಡೆಯುವುದು ಸುರಕ್ಷಿತವಲ್ಲ.

ಸಲಕರಣೆಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಮಹತ್ವ ಕೊಡುವುದು ಬೂಟಿನ ಅಟ್ಟೆಗೆ. 1935ರಲ್ಲಿ ಇಟಲಿಯ ಆಲ್ಪ್ಸ್‌ನಲ್ಲಿ ಆರು ಮಂದಿ ಆರೋಹಿಗಳು ಸತ್ತ ದುರಂತದಲ್ಲಿ ತಕ್ಕ ಪಾದರಕ್ಷೆ ಇಲ್ಲದಿದ್ದುದೂ ಒಂದು ಕಾರಣವಾಗಿತ್ತು. ಅದರಿಂದ ನೊಂದ ಇಟಲಿಯ ಪರ್ವತಾರೋಹಿ ವಿಟಾಲೆ ಬ್ರಮಾನಿ 1937ರ ಹೊತ್ತಿಗೆ ಆಳವಾದ ಗೀರುಗಳುಳ್ಳ ರಬ್ಬರಿನ ಅಟ್ಟೆಯನ್ನು ರೂಪಿಸಿದರು. ಇಂದು ವಿಬ್ರಮ್ ಎಂಬ ಹೆಸರಿನಲ್ಲಿ ಸಿಗುವುದು ಅದರ ಮುಂದುವರಿಕೆಯೇ. ಬೂಟು ಕೊಳ್ಳುವಾಗ ಅಂಗಡಿಯ ಇಳಿಜಾರು ಹಲಗೆಯ ಮೇಲೆ ಇಳಿದು ನೋಡಿ, ಕಾಲ್ಬೆರಳುಗಳು ಮುಂದಿನ ತುದಿಗೆ ತಗುಲಿದರೆ ಅದನ್ನು ಬಿಟ್ಟುಬಿಡಬೇಕು. ಊರುಗೋಲುಗಳು ಇಳಿಯುವಾಗ ಮಂಡಿಯ ಭಾರವನ್ನು ಇಳಿಸುತ್ತವೆ, ಆದರೆ ಕೈ ಹಿಡಿಯಬೇಕಾದ ಬಂಡೆ ಬಂದಾಗ ಅವನ್ನು ಮಡಚಿ ಚೀಲಕ್ಕೆ ಸೇರಿಸಬೇಕು. ಮುಂಗೈಗೆ ತೂಗುಬಿಟ್ಟ ಕೋಲು ಬಿರುಕಿಗೆ ಸಿಕ್ಕಿ ದೇಹವನ್ನು ಎಳೆದುಬಿಡುತ್ತದೆ. ತಲೆಗೆ ಕಟ್ಟುವ ದೀಪ ಹಗಲಿನ ಚಾರಣದಲ್ಲೂ ಚೀಲದಲ್ಲಿರಲಿ.

ಹೊರಡುವ ಮುನ್ನ ಪಟ್ಟಣದಲ್ಲಿ ಯಾರಾದರೊಬ್ಬರಿಗೆ ಹೋಗುವ ಹಾದಿ, ಇಳಿಯುವ ಹಾದಿ, ಮರಳುವ ಹೊತ್ತು ಈ ಮೂರನ್ನೂ ಬರೆದುಕೊಡಬೇಕು. ಅನೇಕರು ಇಳಿಯುವ ಹಾದಿಯನ್ನು ಮಾತ್ರ ಬರೆಯುವುದಿಲ್ಲ, ಹುಡುಕುವವರಿಗೆ ಅದೇ ಹೆಚ್ಚು ಬೇಕಾದದ್ದು. ಸಿಕ್ಕಿಬಿದ್ದಾಗ ಒಂದು ನಿಮಿಷದಲ್ಲಿ ಆರು ಬಾರಿ ಸೀಟಿ ಊದುವುದು ಇಲ್ಲವೇ ದೀಪ ಬೆಳಗಿಸುವುದು, ಒಂದು ನಿಮಿಷ ಬಿಟ್ಟು ಮತ್ತೆ ಅದನ್ನೇ ಮಾಡುವುದು ಪರ್ವತಗಳಲ್ಲಿ ನೆರವು ಕೋರುವ ಅಂತರರಾಷ್ಟ್ರೀಯ ಸಂಕೇತ. ನಿಮಿಷಕ್ಕೆ ಮೂರು ಬಾರಿ ಮರುಸಂಕೇತ ಬಂದರೆ ಕರೆ ತಲುಪಿದೆ ಎಂದರ್ಥ. ಆಗಲೂ ಶೋಧಕರು ಹತ್ತಿರ ಬರುವವರೆಗೆ ಸಂಕೇತವನ್ನು ನಿಲ್ಲಿಸಬಾರದು. ಕ್ಷೇಮವಾಗಿ ಇಳಿದು ಬಂದರೆ, ಯಾರಿಗೆ ಬರೆದುಕೊಟ್ಟಿದ್ದೆವೋ ಅವರಿಗೆ ಆ ಸಂಜೆಯೇ ತಿಳಿಸಬೇಕು. ಇಲ್ಲವಾದರೆ ಪಟ್ಟಣದಲ್ಲೇ ಇರುವವರನ್ನು ಹುಡುಕುತ್ತ ಸ್ವಯಂಸೇವಕರು ರಾತ್ರಿಯಲ್ಲಿ ಆ ಬಂಡೆಗಳನ್ನು ಹತ್ತಬೇಕಾಗುತ್ತದೆ, ಇಳಿಯಲೂ ಬೇಕಾಗುತ್ತದೆ.