ಕೊಂಡುಕುರಿ ನೋಡಲು ಯಾರೂ ಟಿಕೆಟ್ ತೆಗೆಯುವುದಿಲ್ಲ

ನವೆಂಬರ್ ಅಂದರೆ ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಕಾಲ. ಯಾರ್ಡ್ ತುಂಬ ಹಳದಿ ರಾಶಿ. ಧೂಳು ಮೂಗಿಗೂ ಹೋಗುತ್ತದೆ, ಕಂಪ್ಯೂಟರ್ ಕೀಬೋರ್ಡಿಗೂ ಹೋಗುತ್ತದೆ. ನಾನು ಇಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹದಿನಾಲ್ಕು ವರ್ಷ ಆಯಿತು. ತೂಕದ ಚೀಟಿ, ರೈತರ ಪಟ್ಟಿ, ಹಮಾಲಿ, ಲಾರಿ ಬಾಡಿಗೆ, ಇವೇ ನನ್ನ ದಿನ.

2025ರ ನವೆಂಬರ್‌ನಲ್ಲಿ ನಮ್ಮ ಅಂಗಡಿಯ ಚಹಾ ಹೊತ್ತಿನ ಮಾತೆಲ್ಲ ಹುಲಿಯದೇ. ಮೈಸೂರು ಜಿಲ್ಲೆಯ ಸರಗೂರು ಕಡೆ ಹುಲಿ ದಾಳಿಗೆ ಜನ ಸತ್ತಿದ್ದರು. ರೈತರು ರಸ್ತೆಗೆ ಇಳಿದಿದ್ದರು. ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ನಿಲ್ಲಿಸಿ ಅಂತ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆದೇಶ ಮಾಡಿದ್ದರು. ನಮ್ಮ ಸಾವ್ಕಾರ್ರು, "ಒಳ್ಳೇದಾಯ್ತು ಬಿಡಿ, ಜೀಪು ಓಡಿಸಿ ಓಡಿಸಿ ಪ್ರಾಣಿಗಳಿಗೆ ತಲೆ ಕೆಡಿಸಿಟ್ಟಿದ್ರು" ಅಂದರು. ಲೋಡಿಗೆ ಬಂದಿದ್ದ ಡ್ರೈವರ್ ಅಣ್ಣ ಒಪ್ಪಲಿಲ್ಲ. ಅವರು ಕೋಳಿ ಫಾರಂಗಳಿಗೆ ಮೆಕ್ಕೆಜೋಳ ತುಂಬಿಕೊಂಡು ವಯನಾಡಿನ ಕಡೆ ಹೋಗುವವರು. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗಾಡಿ ಬಿಡುವುದಿಲ್ಲ, 2009ರಿಂದ ಹಾಗೆ. ಎಷ್ಟೋ ರಾತ್ರಿ ಗುಂಡ್ಲುಪೇಟೆಯಲ್ಲಿ ಲಾರಿಯೊಳಗೇ ಮಲಗಿದ್ದಾರೆ. "ಗೇಟ್ ಹಾಕೋದು ಸುಲಭ ಐತಿ ಅಕ್ಕ. ಆ ಗೇಟ್‌ನಾಗ ನಿಂತಿರ್ತಾನಲ್ಲ ಒಬ್ಬ ಹುಡುಗ, ಅವನ್ನ ಕೇಳ್ರಿ ಸಂಬಳ ಎಷ್ಟು, ಯಾವಾಗ ಬರ್ತೈತಿ ಅಂತ" ಅಂದರು.

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಯಾಕೆಂದರೆ ಅಂಥ ಒಬ್ಬರ ಜೊತೆ ನಾನು ಕಾಡು ಸುತ್ತಿದ್ದೇನೆ.

ನನ್ನ ತವರು ಜಗಳೂರು ತಾಲ್ಲೂಕು. ರಂಗಯ್ಯನದುರ್ಗದ ಕಾಡಂಚಿನ ಒಂದು ಸಣ್ಣ ಊರು. ಕಾಡು ಅಂದ ತಕ್ಷಣ ಮಲೆನಾಡು ನೆನಪು ಮಾಡಿಕೊಳ್ಳಬೇಡಿ. ಇಲ್ಲಿ ಕಲ್ಲುಗುಡ್ಡ, ಕಾರೆ ಮುಳ್ಳು, ಜಾಲಿ, ತುಗ್ಗಲಿ, ಸೀತಾಫಲದ ಪೊದೆ. ಮಾರ್ಚ್ ಬಂತೆಂದರೆ ಎಲೆ ಅನ್ನುವುದೇ ಇರುವುದಿಲ್ಲ. ಹೊರಗಿನವರು ನೋಡಿದರೆ ಬೀಳುಭೂಮಿ ಅಂತಾರೆ. ಆದರೆ ಅದರೊಳಗೆ ಕರಡಿ ಇದೆ, ಚಿರತೆ ಇದೆ, ನವಿಲಂತೂ ಲೆಕ್ಕವಿಲ್ಲ. ಮತ್ತೆ ಕೊಂಡುಕುರಿ ಇದೆ, ಜಿಂಕೆಯಂಥ ಒಂದು ಸಣ್ಣ ಕಾಡುಪ್ರಾಣಿ. ಆ ಕೊಂಡುಕುರಿಗಾಗಿಯೇ 2011ರಲ್ಲಿ ಇದನ್ನು ವನ್ಯಧಾಮ ಮಾಡಿದರು. ಸುಮಾರು 77 ಚದರ ಕಿಲೋಮೀಟರ್. ಬಂಡೀಪುರ ಇದರ ಹತ್ತು ಪಟ್ಟಿಗಿಂತ ದೊಡ್ಡದು.

ನನ್ನ ಸೋದರಮಾವ ಕೆಲವು ಬೇಸಿಗೆ ಅಲ್ಲಿ ಬೆಂಕಿ ಕಾಯುವ ವಾಚರ್ ಆಗಿದ್ದರು. ಮಳೆ ಬೀಳುವ ತನಕ ಕೆಲಸ, ಬಿದ್ದ ಮೇಲೆ ಹೊಲ. ಪಿಯುಸಿ ಮುಗಿಸಿದ ವರ್ಷ ಹಟ ಮಾಡಿ ಎರಡು ದಿನ ಅವರ ಜೊತೆ ಹೋಗಿದ್ದೆ. ಅವರ ಹತ್ತಿರ ಇದ್ದದ್ದು ಒಂದು ಮಚ್ಚು, ಒಂದು ಕೋಲು, ನೀರಿನ ಕ್ಯಾನ್, ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ಕಾಲಲ್ಲಿ ಹವಾಯಿ ಚಪ್ಪಲಿ. ತಿರುವು ಬಂದಾಗಲೆಲ್ಲ ಜೋರಾಗಿ ಕೆಮ್ಮುತ್ತಿದ್ದರು. ಯಾಕೆ ಮಾಮ ಅಂದರೆ, "ಕರಡಿಗೆ ನಾವು ಬರ್ತೀವಿ ಅಂತ ಗೊತ್ತಾಗಬೇಕವ್ವ. ಅದಕ್ಕೆ ಗೊತ್ತಾದ್ರೆ ಅದೇ ಸರಕೊಂತೈತಿ. ಎದುರಿಗೆ ಸಿಕ್ಕರೆ ಕೆಟ್ಟಿತು" ಅಂದರು.

ಬೆಂಕಿ ರೇಖೆ ಅಂದರೆ ಏನು ಅಂತ ಅಂದೇ ನೋಡಿದ್ದು. ಬೇಸಿಗೆ ಏರುವ ಮೊದಲೇ ಕಾಡಿನ ನಡುವೆ, ಅಂಚಿನಲ್ಲಿ ಅಗಲವಾಗಿ ಒಂದು ಪಟ್ಟಿ ಹುಲ್ಲು ಕೊಯ್ದು, ಕಾವಲು ನಿಂತು ಸುಟ್ಟು, ಬೋಳು ಮಾಡಿಡುತ್ತಾರೆ. ಆಮೇಲೆ ಎಲ್ಲಾದರೂ ಬೆಂಕಿ ಬಿದ್ದರೆ ಅದು ಆ ಪಟ್ಟಿಯ ತನಕ ಬಂದು ನಿಲ್ಲಬೇಕು. ಅಷ್ಟೇ. ಆದರೆ ಆ ಹುಲ್ಲು ಸರಿಯಾದ ವಾರದಲ್ಲಿ ಕೊಯ್ಯಬೇಕು. ಹಸಿ ಇದ್ದರೆ ಸುಡುವುದಿಲ್ಲ. ಪೂರ್ತಿ ಒಣಗಿದ ಮೇಲೆ ಕೈ ಹಾಕಿದರೆ ನಮ್ಮ ಬೆಂಕಿಯೇ ಕೈ ತಪ್ಪಿ ಹೋಗುತ್ತದೆ. ಈ ಕೆಲಸಕ್ಕೆ ದುಡ್ಡು ಡಿಸೆಂಬರ್, ಜನವರಿಯಲ್ಲೇ ಕೈಯಲ್ಲಿರಬೇಕು. ಮಾರ್ಚ್ 31ಕ್ಕೆ ಲೆಕ್ಕ ಮುಗಿಸಲು ಬಂದ ದುಡ್ಡು ಬೆಂಕಿ ರೇಖೆಗೆ ಬಂದಂತೆ ಅಲ್ಲ. ಲೆಕ್ಕ ಬರೆಯುವವಳಾಗಿ ಇದನ್ನು ಹೇಳುತ್ತಿದ್ದೇನೆ. ಪುಸ್ತಕದಲ್ಲಿ ಎರಡೂ ಒಂದೇ ಸಾಲಿನಲ್ಲಿ ಕೂರುತ್ತವೆ. ಗುಡ್ಡದಲ್ಲಿ ಅಲ್ಲ.

ಎರಡನೇ ದಿನ ಬೆಳಗ್ಗೆ ಮಾಮ ಒಂದು ಬಂಡೆಯ ಪಕ್ಕ ಕೂತು ಹಿಕ್ಕೆ ತೋರಿಸಿದರು. ಸಣ್ಣ ಗುಡ್ಡೆಯಷ್ಟು. ಮೇಲಿನವು ಕರ್ರಗೆ ಮಿಂಚುತ್ತಿದ್ದವು, ಅಡಿಯವು ಬೂದಿ ಬಣ್ಣ. ಕೊಂಡುಕುರಿ ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ಹಾಕುತ್ತದಂತೆ. ಹತ್ತಿರದಲ್ಲೇ ಪ್ರಾಣಿಗಳಿಗೆ ನೀರು ಬಿಡುವ ಒಂದು ತೊಟ್ಟಿ. ನಾವು ತುಗ್ಗಲಿ ಮರದ ಹಿಂದೆ ಕೂತೆವು. ಎಷ್ಟು ಹೊತ್ತು ಕೂತೆವೋ, ನನ್ನ ಕಾಲು ಜೋಮು ಹಿಡಿದಿತ್ತು. ಆಮೇಲೆ ಅದು ಬಂತು. ಒಂಟಿ. ನಮ್ಮ ಮೇಕೆಗಿಂತ ತೆಳ್ಳಗೆ, ಒಣಹುಲ್ಲಿನ ಬಣ್ಣ. ನಿಂತರೆ ಅಲ್ಲೇ ಇದ್ದರೂ ಕಾಣುವುದಿಲ್ಲ, ಕಿವಿ ಆಡಿಸಿದರೆ ಕಾಣುತ್ತದೆ. ಕಿವಿಗಳ ನಡುವೆ ಎರಡು ಚೂಪು ಕೊಂಬು. ಅದರ ಮುಂದೆ ಹಣೆಯ ಮೇಲೆ ಇನ್ನೆರಡು, ನನ್ನ ಹೆಬ್ಬೆರಳಿನ ತುದಿಯಷ್ಟು. ನಾಲ್ಕು ಕೊಂಬು! ಗಂಡಿಗೆ ಮಾತ್ರ ಇರುತ್ತದೆ. ಭಾರತ, ನೇಪಾಳ ಬಿಟ್ಟರೆ ಬೇರೆ ಯಾವ ದೇಶದ ಕಾಡಿನಲ್ಲೂ ಈ ಪ್ರಾಣಿ ಇಲ್ಲ. ಅದು ಮೂರು ಸಲ ತಲೆ ಎತ್ತಿ ನೋಡಿ, ನಾಲ್ಕನೇ ಸಲಕ್ಕೆ ನೀರಿಗೆ ಬಾಯಿ ಇಟ್ಟಿತು. ಮಾಮ ಉಸಿರು ಬಿಗಿ ಹಿಡಿದಿದ್ದರು. ಎಷ್ಟೋ ಸಲ ನೋಡಿದವರು, ಆದರೂ.

ಕೊಂಡುಕುರಿಗೆ ಆಗಾಗ ನೀರು ಬೇಕೇ ಬೇಕು. ನೀರಿಲ್ಲದ ಕಡೆ ಅದು ಉಳಿಯುವುದಿಲ್ಲ. ಹಾಗಾಗಿ ಏಪ್ರಿಲ್ ತಿಂಗಳಲ್ಲಿ ಆ ತೊಟ್ಟಿಗೆ ಬೀಳುವ ಟ್ಯಾಂಕರ್ ನೀರೇ ಅದರ ಪಾಲಿನ ವನ್ಯಧಾಮ.

ಈಗ ದುಡ್ಡಿನ ವಿಷಯಕ್ಕೆ ಬರುತ್ತೇನೆ.

ನಮ್ಮ ರಾಜ್ಯದಲ್ಲಿ 5 ರಾಷ್ಟ್ರೀಯ ಉದ್ಯಾನ, 5 ಹುಲಿ ಸಂರಕ್ಷಿತ ಪ್ರದೇಶ ಇವೆ. 2022ರ ಗಣತಿಯಲ್ಲಿ 563 ಹುಲಿ. ಹುಲಿ ಯೋಜನೆಗೆ ಕೇಂದ್ರ ಸರ್ಕಾರ ಪಾಲು ಕೊಡುತ್ತದೆ. ಪ್ರತಿ ವರ್ಷದ ಖರ್ಚಿನಲ್ಲಿ ಕೇಂದ್ರದ್ದು ಅರ್ಧ, ರಾಜ್ಯದ್ದು ಅರ್ಧ. ಅಷ್ಟೇ ಅಲ್ಲ, 2006ರಲ್ಲಿ ವನ್ಯಜೀವಿ ಕಾಯ್ದೆ ತಿದ್ದುಪಡಿ ಆದ ಮೇಲೆ ಒಂದೊಂದು ಹುಲಿ ಪ್ರದೇಶಕ್ಕೂ ಒಂದು ಪ್ರತಿಷ್ಠಾನ. ಸಫಾರಿ ದುಡ್ಡು, ಪ್ರವೇಶದ ದುಡ್ಡು ಅಲ್ಲಿಗೆ ಹೋಗಿ, ಅದೇ ಕಾಡಿಗೆ, ಅಕ್ಕಪಕ್ಕದ ಹಳ್ಳಿಗೆ ಖರ್ಚಾಗಬೇಕು ಅಂತ ಏರ್ಪಾಡು. ಒಳ್ಳೆಯ ಏರ್ಪಾಡು, ನನಗೆ ಮೆಚ್ಚುಗೆ ಇದೆ. ಆದರೆ ಹುಲಿ ಸಂರಕ್ಷಿತ ಪ್ರದೇಶ ಅಲ್ಲದ ಕಾಡಿಗೆ ಇದ್ಯಾವುದೂ ಇಲ್ಲ. ಅವು ಬೇರೆ ಯೋಜನೆಗಳ ಪಾಲಿಗೆ ಕೈ ಚಾಚಬೇಕು. ಕೊಂಡುಕುರಿ ನೋಡಲು ಯಾರೂ ಟಿಕೆಟ್ ತೆಗೆಯುವುದಿಲ್ಲ. ಜೀಪಿನ ಸದ್ದಿಗೆ ಅದು ಮೈಲು ದೂರ ಓಡುತ್ತದೆ.

ನಾವೂ ಒಮ್ಮೆ ಮಕ್ಕಳನ್ನು ಕರೆದುಕೊಂಡು ದೊಡ್ಡ ಕಾಡಿಗೆ ಸಫಾರಿ ಹೋಗಿದ್ದೆವು. ನಾಲ್ಕು ಜನಕ್ಕೆ ನನ್ನ ಒಂದು ವಾರದ ಸಂಬಳ ಆಯಿತು. ಮಕ್ಕಳು ಆನೆ ನೋಡಿ ಕುಣಿದರು. ಆ ಖುಷಿ ಸುಳ್ಳಲ್ಲ. ಸಫಾರಿ ಪೂರ್ತಿ ನಿಲ್ಲಲಿ ಅಂತ ನಾನು ಹೇಳುವುದಿಲ್ಲ. ಅದನ್ನೇ ನಂಬಿದ ಡ್ರೈವರ್‌ಗಳು, ಗೈಡ್‌ಗಳು, ರೂಮು ಗುಡಿಸುವ ಹೆಂಗಸರು ಇದ್ದಾರೆ. ಆದರೆ ಸರಗೂರಿನ ರೈತ "ನನ್ನ ಹೊಲದಲ್ಲಿ ಹುಲಿ ಇದ್ದಾಗ ಕಾಡಿನ ಜೀಪು, ಸಿಬ್ಬಂದಿ ಎಲ್ಲ ಪ್ರವಾಸಿಗಳ ಹಿಂದೆ ಯಾಕೆ" ಅಂತ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ ಅಲ್ವಾ?

2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತವು. ಹುಲಿ ಕೊಂದ ಹಸುವಿನ ಮೈಗೆ ವಿಷ ಹಾಕಿದ್ದರು. ಆ ಸುದ್ದಿ ಓದಿ ಅವತ್ತು ಊಟ ಸೇರಲಿಲ್ಲ. ಆಮೇಲೆ ಇನ್ನೊಂದು ಹೊರಗೆ ಬಂತು. ಅಲ್ಲಿ ಕಾಡು ಕಾಯುವ ಹೊರಗುತ್ತಿಗೆ ಹುಡುಗರಿಗೆ ತಿಂಗಳುಗಟ್ಟಲೆ ಸಂಬಳವೇ ಆಗಿರಲಿಲ್ಲ. ನನಗೆ ಜಾಸ್ತಿ ನೋವು ಕೊಟ್ಟದ್ದು ಇದು. ಅದು ಹುಲಿ ಸಂರಕ್ಷಿತ ಪ್ರದೇಶ ಅಲ್ಲ, ನಮ್ಮ ರಂಗಯ್ಯನದುರ್ಗದ ಹಾಗೆ ವನ್ಯಧಾಮ.

ನಮ್ಮ ಯಾರ್ಡ್‌ನಲ್ಲಿ ಹಮಾಲರ ಕೂಲಿ ಬಾಕಿ ಇಟ್ಟರೆ ಮರುದಿನ ಚೀಲ ಏಳುವುದಿಲ್ಲ. ಸಂಜೆ ಲೆಕ್ಕ ಆಗಲೇಬೇಕು. ಎಂಥ ದೊಡ್ಡ ಸಾವ್ಕಾರ್ರಾದರೂ ಇದನ್ನು ಮೀರುವುದಿಲ್ಲ. ರೈತನ ಪಟ್ಟಿ ಎರಡು ದಿನ ತಡ ಆಗಬಹುದು, ಲಾರಿ ಬಾಡಿಗೆ ವಾರಕ್ಕೆ ಹೋಗಬಹುದು, ಹಮಾಲಿ ಮಾತ್ರ ಅಂದಂದಿಗೆ. ಯಾಕೆಂದರೆ ಇಡೀ ಯಾರ್ಡ್ ನಿಂತಿರುವುದು ಅವರ ಬೆನ್ನ ಮೇಲೆ. ಕಾಡಿಗೂ ಇದೇ ಲೆಕ್ಕ ಹಾಕಿ ಅನ್ನುವುದೇ ನನ್ನ ಬೇಡಿಕೆ. ಬಂದ ದುಡ್ಡಲ್ಲಿ ಮೊದಲು ವಾಚರ್ ಸಂಬಳ ಎತ್ತಿಡಿ. ಆಮೇಲೆ ನೀರು, ಬೆಂಕಿ ರೇಖೆ. ಬೆಳೆ ಹಾಳಾದ ರೈತನ ಪರಿಹಾರವೂ ಅದೇ ಸಾಲಿನಲ್ಲಿ. ಸ್ವಾಗತ ಕಮಾನು, ಫಲಕ, ಹೊಸ ಕಟ್ಟಡ ಉಳಿದ ದುಡ್ಡಲ್ಲಿ ಆಗಲಿ. ದುಡ್ಡೇ ಇಲ್ಲ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಗಣಿಗೆ, ರಸ್ತೆಗೆ, ಅಣೆಕಟ್ಟಿಗೆ ಕಾಡು ಕೊಟ್ಟಾಗ ಕಟ್ಟಿಸಿಕೊಂಡ ಕಾಂಪಾ ಹಣ 2019ರಲ್ಲಿ ರಾಜ್ಯಗಳಿಗೆ ಹಂಚಿಕೆ ಆದದ್ದು 47 ಸಾವಿರ ಕೋಟಿಗೂ ಜಾಸ್ತಿ.

ಇನ್ನೊಂದು ಮಾತು. 2024ರ ನವೆಂಬರ್‌ನಲ್ಲಿ ಸರ್ಕಾರದಿಂದ ಒಂದು ಪ್ರಸ್ತಾಪ ಬಂತು. ಪಶ್ಚಿಮ ಘಟ್ಟದ ನದಿ ನೀರು ಕುಡಿಯುವ ಊರುಗಳ ನೀರಿನ ಬಿಲ್ಲಿಗೆ ಎರಡು, ಮೂರು ರೂಪಾಯಿ ಹಸಿರು ಸೆಸ್ ಹಾಕಿ, ಆ ದುಡ್ಡು ಘಟ್ಟದ ಕಾಡಿಗೆ ಇಡುವುದು ಅಂತ. ಎಷ್ಟು ಜನ ಬೈದರು! ನಾನು ಕೊಡುತ್ತೇನೆ. ದಾವಣಗೆರೆಯವಳಾಗಿ ಕೊಡಲೇಬೇಕು ಅನಿಸುತ್ತದೆ. ಭದ್ರೆ ಹುಟ್ಟುವ ಗಂಗಾಮೂಲ ಇರುವುದು ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ. ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟು, 2005ರ ಕೊನೆಗೆ ಅಲ್ಲಿ ಕಬ್ಬಿಣದ ಅದಿರು ತೆಗೆಯುವುದು ನಿಂತಿತು. ಅಲ್ಲಿಂದ ಇಳಿದ ನೀರು ಲಕ್ಕವಳ್ಳಿಯಲ್ಲಿ ನಿಲ್ಲುತ್ತದೆ. ಆ ಹಿನ್ನೀರಿನ ಸುತ್ತ ಭದ್ರಾ ಹುಲಿ ಕಾಡು. ಅಲ್ಲಿಂದ ಬಲದಂಡೆ ನಾಲೆಯಲ್ಲಿ ನಮ್ಮ ಕಡೆ ಬರುತ್ತದೆ. ನಮ್ಮ ಭತ್ತ, ಅಡಿಕೆ, ನನ್ನ ಅಡುಗೆಮನೆಯ ನಲ್ಲಿ, ಎಲ್ಲ ಈ ದಾರಿಯಲ್ಲೇ ಇದೆ. ಜಗಳೂರಿನವರು ಮೇಲ್ದಂಡೆ ಯೋಜನೆಯಲ್ಲಿ ಕಾಯುತ್ತಾ ಬಂದದ್ದೂ ಇದೇ ಭದ್ರೆಯ ನೀರಿಗೆ. ಆದರೆ ಸೆಸ್ ದುಡ್ಡು ಯಾವ ಕಾಡಿಗೆ, ಯಾರ ಕೈಗೆ, ಯಾವ ತಿಂಗಳು ಹೋಯಿತು ಅಂತ ನನಗೆ ಕಾಣಬೇಕು. ಬಿಲ್ಲಿನ ಹಿಂದೆ ಅಚ್ಚು ಹಾಕಿದರೂ ಸಾಕು.

ಊರಲ್ಲಿ ಎಲ್ಲರೂ ನನ್ನ ಮಾತು ಒಪ್ಪುವುದಿಲ್ಲ. ನಮ್ಮ ಪಕ್ಕದ ಮನೆಯ ದೊಡ್ಡಪ್ಪ ಎಂಬತ್ತು ಕುರಿ ಇಟ್ಟವರು. ಹೋದ ಯುಗಾದಿಗೆ ಹೋದಾಗ ಕಟ್ಟೆಯ ಮೇಲೆ ಕೂತು ಕೇಳಿದರು. "ಅಲ್ಲವ್ವ, ಕೊಂಡುಕುರಿಗೆ ಕಾಡು ಐತಿ. ನಮ್ ಕುರಿಗೆ ಏನೈತಿ? ಬ್ಯಾಸಗಿ ನಾಲ್ಕು ತಿಂಗಳು ಎಲ್ಲಿ ಹೊಡ್ಕೊಂಡು ಹೋಗ್ಲಿ?" ನಾನು ಕಾನೂನು ಹೇಳಲು ಹೋದೆ. ರಾಷ್ಟ್ರೀಯ ಉದ್ಯಾನದಲ್ಲಿ ಮೇಯಿಸುವಂತೆಯೇ ಇಲ್ಲ, ವನ್ಯಧಾಮದಲ್ಲಿ ಎಲ್ಲಿ, ಯಾವಾಗ, ಎಷ್ಟು ಅಂತ ಇಲಾಖೆ ನಿಯಂತ್ರಿಸಬಹುದು ಅಂತ. ಅವರು ಸುಮ್ನೆ ಕೇಳಿಸಿಕೊಂಡರು. ಆಮೇಲೆ, "ಹಂಗಾದ್ರೆ ಬಂದು ಕೂತು ಮಾತಾಡ್ಲಿ. ಈ ಮಗ್ಗುಲು ನಿಮಗೆ, ಆ ಮಗ್ಗುಲು ಅದಕ್ಕೆ ಅಂತ ಹೇಳ್ಲಿ. ಬೆಂಕಿ ಬಿದ್ರೆ ನಾವೇ ಓಡ್ತೀವಿ" ಅಂದರು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಮೈಸೂರು, ಬೆಂಗಳೂರಿನಿಂದ ಜನ ಬೆಂಕಿ ಆರಿಸಲು ಹೋಗಿದ್ದರು. ರಂಗಯ್ಯನದುರ್ಗಕ್ಕೆ ಬೆಂಕಿ ಬಿದ್ದರೆ ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಮೊದಲು ಓಡುವವರು ಇವರೇ, ಈ ಕುರಿ ಕಾಯುವವರೇ. ಅವರನ್ನು ಹೊರಗಿಟ್ಟು ಮಾಡುವ ಯಾವ ಯೋಜನೆಯೂ ಅಲ್ಲಿ ನಿಲ್ಲುವುದಿಲ್ಲ.

ಮಾಮನಿಗೆ ಈಗ ಮೊಣಕಾಲು ನೋವು. ಗುಡ್ಡ ಹತ್ತುವುದಿಲ್ಲ. ಮೊನ್ನೆ ಫೋನ್ ಮಾಡಿದಾಗ ಸಫಾರಿ ನಿಂತ ಸುದ್ದಿ ಹೇಳಿದೆ. ಅವರು ಕೇಳಿದ್ದು ಬೇರೆ. "ತೊಟ್ಟಿಗೆ ನೀರು ಬಿಟ್ಟಾರಂತಾ? ಯಾರನ್ನಾದ್ರೂ ಕೇಳಿ ಹೇಳವ್ವ." ಫೋನ್ ಇಟ್ಟ ಮೇಲೆ ನಾನು ಊರಿನ ತಮ್ಮನಿಗೆ ಮೆಸೇಜ್ ಹಾಕಿದೆ. ಭಾನುವಾರ ಬೈಕ್‌ನಲ್ಲಿ ಹೋಗಿ, ಅಲ್ಲಿ ಕೆಲಸದಲ್ಲಿರುವ ಹುಡುಗನನ್ನು ಕೇಳಿಕೊಂಡು, ನೋಡಿ ಬರುತ್ತೇನೆ ಅಂದಿದ್ದಾನೆ.